ಕುಂಟಿದರೂ ತಾಳ ತಪ್ಪದ ನಡಿಗೆ

ಕಲಬುರಗಿಯ ನಮ್ಮ ಹಳೇ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಕಿದೆ. ಅವ್ವ ಪಡಸಾಲೆಗೆ ಬರುವುದು ನೋಡದೆಯೇ ಗೊತ್ತಾಗುತ್ತದೆ. ಎಡಗಾಲು ಟಪ್ ಎನ್ನುತ್ತದೆ, ಮೊಣಕಾಲು ನೋವಿರುವ ಬಲಗಾಲು ಸರ್ ಎನ್ನುತ್ತದೆ. ಟಪ್-ಸರ್, ಟಪ್-ಸರ್. ಎಲ್ಲಿ ಬಿದ್ದುಬಿಡುತ್ತಾಳೋ ಎಂಬ ಭಯ ನನಗೆ.

ಒಂದು ದಿನ ಅವಳ ಸೊಂಟಕ್ಕೆ, ಬೆನ್ನ ಕಡೆ ಮೊಬೈಲ್ ಇಟ್ಟು ಬಟ್ಟೆಯಿಂದ ಬಿಗಿದೆ.

"ಇದ್ಯಾಕ ಕಟ್ಲಕತ್ತಿ?" ಎಂದಳು.

"ನಿನ್ನ ನಡಿಗಿ ಬರ್ಕೊಳ್ತದವ್ವ" ಎಂದೆ.

ಮೊಬೈಲಿನಲ್ಲೂ ಸ್ಮಾರ್ಟ್ ವಾಚಿನಲ್ಲೂ ಅಲುಗಾಟ ಅಳೆಯುವ ಆಕ್ಸಿಲರೋಮೀಟರ್ ಇರುತ್ತದೆ. ಅದರೊಳಗೆ ಸಿಲಿಕಾನಿನ ಪುಟ್ಟ ತುಣುಕೊಂದು ಅತಿ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತದೆ. ಹೆಜ್ಜೆಯ ಪೆಟ್ಟಿಗೆ ಅದು ಕೂದಲೆಳೆಗಿಂತ ಕಡಿಮೆ ಸರಿಯುತ್ತದೆ. ಅಷ್ಟಕ್ಕೇ ಸರ್ಕ್ಯೂಟಿನಲ್ಲಿ ಬದಲಾವಣೆ ಕಾಣುತ್ತದೆ. ಸೆಕೆಂಡಿಗೆ 100 ಸಲ ಬರೆದುಕೊಂಡರೆ ನಡಿಗೆ ಒಂದು ಅಲೆಯಾಗಿ ಸಿಗುತ್ತದೆ. ಸೊಂಟವೇ ಯಾಕೆ? ಎರಡೂ ಕಾಲಿನ ಪೆಟ್ಟು ಅಲ್ಲಿ ಬಂದು ಸೇರುತ್ತದೆ, ಒಂದೇ ಸೆನ್ಸರ್ ಸಾಕು.

ಇನ್ನು ಲೆಕ್ಕ. ಸೀರೆಯ ಅಂಚಿನಲ್ಲಿ ಒಂದು ದೊಡ್ಡ ಹೂವು, ಒಂದು ಸಣ್ಣ ಹೂವು, ಮತ್ತೆ ದೊಡ್ಡದು, ಹೀಗೇ ಸಾಲಾಗಿವೆ ಅಂದುಕೊಳ್ಳಿ. ಆ ಅಂಚಿನ ಮೇಲೆ ಅಂಥದೇ ಇನ್ನೊಂದು ಅಂಚು ಇಟ್ಟು ಮೆಲ್ಲಗೆ ಸರಿಸಿ. ಒಂದು ಹೂವಿನಷ್ಟು ಸರಿಸಿದರೆ ದೊಡ್ಡದರ ಮೇಲೆ ಸಣ್ಣದು ಕೂರುತ್ತದೆ, ಹೊಂದಿಕೆ ಅರೆಬರೆ. ಎರಡು ಹೂವಿನಷ್ಟು ಸರಿಸಿದರೆ ದೊಡ್ಡದರ ಮೇಲೆ ದೊಡ್ಡದು, ಸರಿಯಾಗಿ ಕೂರುತ್ತದೆ. ನಡಿಗೆಯ ಅಲೆಯನ್ನೂ ಅದರ ಮೇಲೇ ಹೀಗೆ ಸರಿಸಿ ನೋಡುತ್ತಾರೆ. ಇದಕ್ಕೆ ಆಟೊಕೋರಿಲೇಶನ್ ಎಂದು ಹೆಸರು. ಪೂರ್ತಿ ಹೊಂದಿದರೆ 1, ಹೊಂದಿಕೆ ಕೆಟ್ಟಷ್ಟೂ ಅಂಕಿ ಇಳಿಯುತ್ತದೆ. ನಡಿಗೆಗೆ ಇದನ್ನು ಬಳಸುವ ದಾರಿಯನ್ನು 2004ರಲ್ಲಿ ನಾರ್ವೆಯ ಮೋ-ನಿಲ್ಸೆನ್ ಮತ್ತು ಹೆಲ್ಬೊಸ್ಟಾಡ್ ವಿವರವಾಗಿ ಬರೆದರು.

ನನಗೆ ತುಂಬಾ ಹಿಡಿಸಿದ್ದು ಇಲ್ಲಿದೆ. ಅವ್ವನ ಅಲೆಯನ್ನು ಒಂದು ಹೆಜ್ಜೆ ಸರಿಸಿದಾಗ ಹೊಂದಿಕೆ ಕಡಿಮೆ ಇತ್ತು. ಎಡ ಬಲ ಒಂದೇ ಅಲ್ಲ, ಅಂದರೆ ಕುಂಟು. ಎರಡು ಹೆಜ್ಜೆ ಸರಿಸಿದಾಗ ಚೆನ್ನಾಗಿ ಹೊಂದಿತು. ಅಂದರೆ ಪ್ರತಿ ಸಲವೂ ಅವಳು ಒಂದೇ ಥರ ಕುಂಟುತ್ತಾಳೆ! ರೊಟ್ಟಿ ಬಡಿಯುವಾಗಿನ ಅವಳ ತಾಳವೇ ಕಾಲಲ್ಲೂ ಇದೆ.

ಕುಂಟುವುದು, ತಾಳ ತಪ್ಪುವುದು, ಈ ಎರಡನ್ನು ಬೇರೆ ಮಾಡಿ ನೋಡಬೇಕು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕ ಹೌಸ್‌ಡಾರ್ಫ್ ಮತ್ತು ಜೊತೆಗಾರರು 52 ಹಿರಿಯರನ್ನು ಒಂದು ವರ್ಷ ಗಮನಿಸಿದ್ದರು. ಎಡ-ಬಲ ಸೇರಿದ ಎರಡು ಹೆಜ್ಜೆಗೆ ಹಿಡಿಯುವ ಸಮಯ ಸಲದಿಂದ ಸಲಕ್ಕೆ ಜಾಸ್ತಿ ಏರುಪೇರಾಗುತ್ತಿದ್ದವರಲ್ಲಿ ಬೀಳುವುದೂ ಹೆಚ್ಚಿತ್ತು.

ಅಳೆಯುವಾಗ ಎಚ್ಚರ ಬೇಕು. ನಿಧಾನವಾಗಿ ನಡೆದರೆ ಆರೋಗ್ಯವಂತರ ಅಂಕಿಯೂ ಇಳಿಯುತ್ತದೆ. ಹಾಗಾಗಿ ಒಬ್ಬರನ್ನು ಇನ್ನೊಬ್ಬರಿಗೆ ಸುಮ್ನೆ ಹೋಲಿಸಬಾರದು. ಮೊದಲ, ಕೊನೆಯ ಹೆಜ್ಜೆಗಳನ್ನೂ ತಿರುವನ್ನೂ ಬಿಡಬೇಕು. ನಮ್ಮ ಪಡಸಾಲೆ ಇದಕ್ಕೆ ಸಾಲದು. ಅದಕ್ಕೇ ಬೆಳಗ್ಗೆ, ಬಿಸಿಲೇರುವ ಮುಂಚೆ, ನಮ್ಮೂರಿನ ‘ಅಪ್ಪನ ಕೆರೆ’ಯ ದಂಡೆಗೆ ಕರೆದುಕೊಂಡು ಹೋದೆ.

ಅಲ್ಲಿ ಇನ್ನೊಂದು ನೋಡಿದೆ. ನಡೆಯುತ್ತಲೇ 100ರಿಂದ ಮೂರು ಮೂರು ಕಳೆಯುತ್ತಾ ಹೇಳು ಎಂದೆ. ಎರಡು ಹೆಜ್ಜೆಯ ಹೊಂದಿಕೆಯೂ ಕೆಳಗಿಳಿಯಿತು. ಮನಸ್ಸು ಬೇರೆ ಕಡೆ ಹೋದರೆ ತಾಳ ಸಡಿಲವಾಗುವುದು ಅನೇಕ ಹಿರಿಯರಲ್ಲಿ ಕಂಡುಬಂದದ್ದೇ. ಆವತ್ತಿನಿಂದ ಅವ್ವ ಮೆಟ್ಟಿಲ ಮೇಲಿದ್ದಾಗ ನಾನು ಮಾತಾಡಿಸುವುದಿಲ್ಲ. ಕೆಳಗೆ ಇಳಿದ ಮೇಲೆಯೇ ಕೂಗುತ್ತೇನೆ.