ಸ್ಪ್ಯಾನಿಷ್ ಸಿನಿಮಾ ಬೇಕಾ? ಮೊದಲು ಆಡಿಯೋ ಮೆನು ತೆರೆಯಿರಿ

ಮಕ್ಕಳ ಜೊತೆ ಕೂತು ನೋಡಲು ಸ್ಪ್ಯಾನಿಷ್ ಸಿನಿಮಾ ಎಲ್ಲಿ ಸಿಗುತ್ತದೆ? ಸ್ಪ್ಯಾನಿಷ್ ಕಲಿಸುವ ನನ್ನನ್ನು ಅಪ್ಪ ಅಮ್ಮಂದಿರು ಜಾಸ್ತಿ ಕೇಳುವುದು ಇದನ್ನೇ. ಅಷ್ಟರಲ್ಲಿ ಅವರು ಯೂಟ್ಯೂಬಿನಲ್ಲಿ ‘ಪೆಲಿಕುಲಾ ಕಂಪ್ಲೇತಾ’ ಅಂತ, ಅಂದರೆ ಪೂರ್ತಿ ಸಿನಿಮಾ ಅಂತ, ಹುಡುಕಿ ಆಗಿರುತ್ತದೆ. ಅಲ್ಲಿ ಅನುಮತಿ ಇಲ್ಲದೆ ಯಾರೋ ಏರಿಸಿದ್ದೂ ಬೇಕಾದಷ್ಟು ಇದೆ. ಸಿಕ್ಕಿಬೀಳಬಾರದು ಅಂತ ಕೆಲವರು ದನಿಯ ವೇಗವನ್ನೇ ಬದಲಿಸಿರುತ್ತಾರೆ. ಭಾಷೆ ಕಲಿಯುವ ಮಗುವಿನ ಕಿವಿಗೆ ಅದು ಬೇಡವೇ ಬೇಡ.

ಈಗಾಗಲೇ ದುಡ್ಡು ಕಟ್ಟುತ್ತಿರುವ ಆ್ಯಪ್‌ನಿಂದಲೇ ಶುರು ಮಾಡಿ. ನೆಟ್‌ಫ್ಲಿಕ್ಸ್, ಡಿಸ್ನಿ ಪ್ಲಸ್‌ನಲ್ಲಿ ಸಿನಿಮಾ ಓಡುವಾಗ ಆಡಿಯೋ ಮೆನು ತೆರೆದರೆ ಎಷ್ಟೋ ಸಲ ಸ್ಪ್ಯಾನಿಷ್ ಅಲ್ಲೇ ಇರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವೊಮ್ಮೆ ಎಲ್ಲ ಭಾಷೆಗಳೂ ಕಾಣದೆ ಇರಬಹುದು. ಕಾಣದಿದ್ದರೆ ಹೊಸ ಪ್ರೊಫೈಲ್ ಮಾಡಿ, ಅದರ ಭಾಷೆಯನ್ನು ಸ್ಪ್ಯಾನಿಷ್‌ಗೆ ಬದಲಿಸಿ ನೋಡಿ. ಮೊದಲ ಸಿನಿಮಾಕ್ಕೆ ನಾನು ಹೇಳುವುದು 2019ರ ‘ಕ್ಲೌಸ್’ (Klaus). ಅದು ಮ್ಯಾಡ್ರಿಡ್‌ನ ಸ್ಟುಡಿಯೋದಲ್ಲಿ ಸೆರ್ಹಿಯೋ ಪಾಬ್ಲೋಸ್ ನಿರ್ದೇಶಿಸಿದ ಅನಿಮೇಷನ್.

ಮೆನುವಿನಲ್ಲಿ ಎರಡು ಸ್ಪ್ಯಾನಿಷ್ ಕಾಣಬಹುದು: ಸ್ಪೇನ್‌ನದು, ಲ್ಯಾಟಿನ್ ಅಮೆರಿಕದ್ದು. ಗೆಳೆಯರ ಗುಂಪಿಗೆ ‘ನೀವು’ ಅನ್ನಲು ಸ್ಪೇನ್‌ನಲ್ಲಿ ‘ವೊಸೋತ್ರೋಸ್’, ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೇದೆಸ್’. ಮಗು ಕಲಿಯುತ್ತಿರುವುದು ಯಾವುದೋ ಅದನ್ನೇ ಹಾಕಿ. ಸಿನಿಮಾದ ಹೆಸರೂ ಬೇರೆಯಾಗುತ್ತದೆ. ‘ಹೋಮ್ ಅಲೋನ್’ ಸ್ಪೇನ್‌ನಲ್ಲಿ ‘ಸೋಲೋ ಎನ್ ಕಾಸಾ’, ಮೆಕ್ಸಿಕೋದಲ್ಲಿ ‘ಮಿ ಪೋಬ್ರೆ ಆಂಹೆಲಿತೋ’. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಇನ್ನೊಂದು ಮಾತು. ಡಬ್ ಆದ ದನಿಗೂ ಕೆಳಗೆ ಬರುವ ಸ್ಪ್ಯಾನಿಷ್ ಅಕ್ಷರಕ್ಕೂ ತಾಳೆ ಆಗದಿದ್ದರೆ ಗಾಬರಿ ಬೇಡ, ಸಬ್‌ಟೈಟಲ್ ಮತ್ತು ಡಬ್ಬಿಂಗ್ ಸಾಮಾನ್ಯವಾಗಿ ಬೇರೆ ಬೇರೆಯಾಗಿ ಅನುವಾದ ಆಗುತ್ತವೆ, ಡಬ್‌ನಲ್ಲಿ ತುಟಿಯ ಚಲನೆಗೂ ಮಾತು ಹೊಂದಬೇಕಲ್ವಾ. ‘ಸಿಸಿ’ (CC, ಕಿವಿ ಕೇಳದವರಿಗಾಗಿ ಮಾಡಿದ್ದು) ಅಂತ ಬರೆದ ಸ್ಪ್ಯಾನಿಷ್ ಸಬ್‌ಟೈಟಲ್ ಇದ್ದರೆ ಅದನ್ನೇ ಆರಿಸಿ, ಅದು ಸಾಮಾನ್ಯವಾಗಿ ದನಿಗೆ ಹತ್ತಿರ ಇರುತ್ತದೆ.

ಉಚಿತವಾಗಿಯೂ ಸಿಗುತ್ತದೆ. ಸ್ಪೇನ್‌ನ ಸಾರ್ವಜನಿಕ ವಾಹಿನಿಯ ಆರ್‌ಟಿವಿಇ ಪ್ಲೇ ಇದೆ. ಸ್ಪ್ಯಾನಿಷ್ ಭಾಷೆ ಕಲಿಸುವ ಸ್ಪೇನ್ ಸರ್ಕಾರದ ಸಂಸ್ಥೆ ಇನ್‌ಸ್ಟಿಟ್ಯೂಟೋ ಸೆರ್ವಾಂತೆಸ್, ವಿಮಿಯೋ ಎಂಬ ವಿಡಿಯೋ ತಾಣದ ತನ್ನ ಚಾನೆಲ್‌ನಲ್ಲಿ ಆಗಾಗ ಸಿನಿಮಾ ಹಾಕುತ್ತದೆ, ಆದರೆ ಸ್ವಲ್ಪ ಕಾಲ ಮಾತ್ರ. ಅಮೆರಿಕ, ಮೆಕ್ಸಿಕೋದಲ್ಲಿ ಇರುವವರಿಗೆ ಜಾಹೀರಾತಿನ ಜೊತೆಗೆ ವಿಕ್ಸ್ (ViX) ಎಂಬ ಸ್ಪ್ಯಾನಿಷ್ ಆ್ಯಪ್ ಇದೆ. ನಿಮ್ಮ ಲೈಬ್ರರಿ ಕ್ಯಾನೊಪಿ (Kanopy) ಎಂಬ ಸಿನಿಮಾ ಸೇವೆಗೆ ಸೇರಿದ್ದರೆ ಲೈಬ್ರರಿ ಕಾರ್ಡ್ ಸಾಕು. ಹಕ್ಕುಗಳನ್ನು ದೇಶ ದೇಶಕ್ಕೆ ಬೇರೆ ಮಾರುತ್ತಾರೆ, ಹಾಗಾಗಿ ಎಲ್ಲವೂ ಎಲ್ಲ ಕಡೆ ತೆರೆಯುವುದಿಲ್ಲ. ಬೇರೆ ದೇಶದಲ್ಲಿ ಇರುವಂತೆ ತೋರಿಸುವ ವಿಪಿಎನ್ ಹಾಕಿ ದಾಟುವುದು ಹೆಚ್ಚಿನ ಸೇವೆಗಳ ಷರತ್ತಿಗೆ ವಿರುದ್ಧ, ನಾನಂತೂ ಹೇಳಿಕೊಡುವುದಿಲ್ಲ. ಅದರ ಬದಲು ಜಸ್ಟ್‌ವಾಚ್ ಎಂಬ ತಾಣದಲ್ಲಿ ನಿಮ್ಮ ದೇಶ ಆರಿಸಿ ಸಿನಿಮಾದ ಹೆಸರು ಹಾಕಿ, ಎಲ್ಲಿದೆ ಅಂತ ತೋರಿಸುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಮಾತ್ರ ದುಡ್ಡು ಕೊಡುವ ಮೊದಲು ಭಾಷೆಗಳ ಸಾಲು ಓದಿ, ಸಿನಿಮಾ ಇದ್ದ ಮಾತ್ರಕ್ಕೆ ಸ್ಪ್ಯಾನಿಷ್ ದನಿ ಇರಬೇಕೆಂದಿಲ್ಲ.