ಗೊತ್ತಿದ್ದ ಮಾತ್ರಕ್ಕೆ ಜನ ಬೀದಿಗೆ ಬರುವುದಿಲ್ಲ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಕೊಡಲಿ ಹಿಡಿದವರು ಕೈ ತಡೆಯಬೇಕಾಯಿತು. ಹೀಗೆ 38 ದಿನ ನಡೆಯಿತು. ಹೋದವರು ಹಳ್ಳಿಯ ಹೆಂಗಸರು, ಗಂಡಸರು, ಮಕ್ಕಳು.

ಜಾಗೃತಿ ಮೂಡಿಸಿದರೆ ಸಾಕು, ಜನ ತಾವಾಗಿಯೇ ಬರುತ್ತಾರೆ ಎಂದು ನಾವು ಸುಮ್ನೆ ನಂಬಿಕೊಂಡಿದ್ದೇವೆ. ಎಲ್ಲ ಗೊತ್ತಿದ್ದೂ ಮನೆಯಲ್ಲೇ ಕೂತವರು ಎಷ್ಟಿಲ್ಲ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಟರ್ನ್ ಮತ್ತು ಸಂಗಡಿಗರು 1999ರಲ್ಲಿ ಇದನ್ನೇ ಬಿಡಿಸಿ ನೋಡಿದರು. ನನಗೆ ಬೇಕಾದದ್ದಕ್ಕೆ ಕುತ್ತು ಬಂದಿದೆ ಅನ್ನಿಸಬೇಕು. ನಾನು ಕೈಹಾಕಿದರೆ ಅದು ಉಳಿದೀತು ಎಂಬ ನಂಬಿಕೆಯೂ ಬೇಕು. ಎರಡೂ ಸೇರಿದಾಗಲೇ 'ಇನ್ನು ಸುಮ್ಮನಿರಬಾರದು' ಎಂಬ ಒತ್ತಡ ಒಳಗಿನಿಂದ ಬರುತ್ತದೆ.

ಸಾಲ್ಕಣಿಯ ಕಡೆ ಮೊದಲನೆಯದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಲ್ಲಿ ಅಡಿಕೆ ತೋಟ ಬದುಕುವುದೇ ಕಾಡಿನಿಂದ. ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆಂದೇ ಬಿಟ್ಟ ಕಾಡಿನಿಂದ, ಸೊಪ್ಪು, ದರಕು (ಒಣಗಿದ ಎಲೆ) ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ, ಗಂಜಲ ಬೆರೆತು ಗೊಬ್ಬರವಾದ ಮೇಲೆ ಅದು ಅಡಿಕೆ ಮರದ ಬುಡಕ್ಕೆ. ಒಂದು ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಬೇಸಿಗೆಯ ನೀರೂ ಮೇಲಿನ ಕಾಡಿನದೇ. ಅಂಥವರಿಗೆ ಮರ ಉರುಳುವ ಸದ್ದು ಸಾಕು, ಭಾಷಣ ಬೇಡ.

ನನ್ನ ಪ್ರಕಾರ ಹೆಚ್ಚು ಕಷ್ಟದ್ದು ಎರಡನೆಯದು, ನಮ್ಮಿಂದಾದೀತು ಎಂಬ ನಂಬಿಕೆ. ಹಿಮಾಲಯದ ಗಢವಾಲದಲ್ಲಿ ಹಳ್ಳಿಯವರು ಮರ ಅಪ್ಪಿ ನಡೆಸಿದ ಚಿಪ್ಕೋ ಚಳವಳಿ ಅದನ್ನು ಒದಗಿಸಿತು. ಆ ಚಳವಳಿಯ ಸುಂದರಲಾಲ್ ಬಹುಗುಣ ಈ ಸೀಮೆಗೆ ಬಂದು ಮಾತಾಡಿದ್ದರು. ಅಲ್ಲಿನ ಹಳ್ಳಿಯವರಿಗೆ ಸಾಧ್ಯವಾದದ್ದು ನಮಗೇಕಾಗದು? ಮರ ಅಪ್ಪಲು ದುಡ್ಡು ಬೇಡ, ವಕೀಲರು ಬೇಡ. ಹವಾಮಾನ ಬದಲಾವಣೆಯ ಮಾತು ಬಂದಾಗ ಕೈಚೆಲ್ಲುವವರೇ ಜಾಸ್ತಿ ಆಗಿರುವುದು ಈ ನಂಬಿಕೆ ಇಲ್ಲದ್ದಕ್ಕೇ ಇರಬೇಕು. ಭಯವೇನೋ ಇದೆ, ಮಾಡುವುದೇನು ಅಂತ ಗೊತ್ತಿಲ್ಲ.

ಸ್ಟರ್ನ್ ಹೇಳಿದ ಇನ್ನೊಂದು ಮಾತು ಚಳವಳಿಗಾರರ ಕಿವಿಗೆ ಬೀಳಬೇಕು. ಬೆಂಬಲ ಒಂದೇ ಬಗೆಯದಲ್ಲ. ಬೀದಿಗಿಳಿಯುವವರು ಬೇರೆ, ಸಹಿ ಹಾಕಿ ಪತ್ರ ಬರೆಯುವವರು ಬೇರೆ. ತೆರಿಗೆ ಜಾಸ್ತಿಯಾದರೂ ಪರವಾಗಿಲ್ಲ ಎನ್ನುವವರು, ಮನೆಯ ಮಟ್ಟಿಗೆ ಪ್ಲಾಸ್ಟಿಕ್ ಬಿಟ್ಟವರು, ಇವರೂ ಬೇರೆಬೇರೆ. ಒಂದನ್ನು ಮಾಡಿದವರು ಇನ್ನೊಂದನ್ನೂ ಮಾಡಲೇಬೇಕೆಂದಿಲ್ಲ. 2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಕೈಕೈ ಹಿಡಿದು ನಿಂತರು. 800ಕ್ಕೂ ಹೆಚ್ಚು ಮರ ಹೋಗುವುದಿತ್ತು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ದಿನಾ ಕಾರಿನಲ್ಲಿ ಓಡಾಡುವವರು ಬರಕೂಡದು ಎಂದಿದ್ದರೆ ಅಂದಿನ ಸಾಲು ಬಹಳ ಗಿಡ್ಡವಾಗುತ್ತಿತ್ತು.