'ಜಡ್ಜ್' ಟ್ರೂಮನ್: ಒಂದು ಕೌಂಟಿ, ನಾಲ್ಕು ಚುನಾವಣೆ

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಮೊದಲು 'ಕೌಂಟಿ ಜಡ್ಜ್' ಆಗಿದ್ದರು ಅಂತ ಓದಿದಾಗ ನೋಟ್‌ಬುಕ್ಕಿನಲ್ಲಿ 'ನ್ಯಾಯಾಧೀಶ' ಎಂದು ಬರೆದುಕೊಂಡೆ. ಅವರು ಕೊಟ್ಟ ತೀರ್ಪುಗಳಿಗಾಗಿ ಒಂದು ಸಂಜೆ ಪೂರ್ತಿ ಹುಡುಕಿದೆ. ಒಂದೂ ಸಿಗಲಿಲ್ಲ. ಸಿಗುವಂಥದ್ದೂ ಅಲ್ಲ. ಟ್ರೂಮನ್ ಕಾನೂನು ಪದವಿಯನ್ನೇ ಪಡೆದಿರಲಿಲ್ಲ.

ಮಿಸೌರಿ ರಾಜ್ಯದಲ್ಲಿ ಆಗ 'ಕೌಂಟಿ ಕೋರ್ಟ್' ಅಂದರೆ ಕೌಂಟಿಯ (ನಮ್ಮ ಜಿಲ್ಲೆಯಂಥ ಭಾಗದ) ಆಡಳಿತ ಮಂಡಳಿ. ರಸ್ತೆ, ಸೇತುವೆ, ಬಡವರ ಆಶ್ರಯಧಾಮ, ತೆರಿಗೆ ಹಣದ ಖರ್ಚು, ಕೌಂಟಿಯ ನೌಕರಿಗಳು, ಇವು ಅದರ ಕೆಲಸ. ಟ್ರೂಮನ್ ಅವರ ಜ್ಯಾಕ್ಸನ್ ಕೌಂಟಿಗೆ ಮೂವರು ಜಡ್ಜ್‌ಗಳು. ಹಳ್ಳಿಗಳೇ ಹೆಚ್ಚಿದ್ದ ಪೂರ್ವ ಭಾಗಕ್ಕೆ ಒಬ್ಬರು, ಕಾನ್ಸಾಸ್ ಸಿಟಿ ಇರುವ ಪಶ್ಚಿಮ ಭಾಗಕ್ಕೆ ಒಬ್ಬರು. ಇಬ್ಬರಿಗೂ ಎರಡೆರಡು ವರ್ಷ. ಇವರ ಮೇಲೆ ಇಡೀ ಕೌಂಟಿ ಆರಿಸುವ ಮುಖ್ಯ ಜಡ್ಜ್, ನಾಲ್ಕು ವರ್ಷಕ್ಕೆ. ನಮ್ಮಲ್ಲಿ ಡಿಸಿ ಸರ್ಕಾರದ ಆದೇಶದ ಮೇಲೆ ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಅಲ್ಲಿ ಈ ಕುರ್ಚಿಗೆ ಮನೆಮನೆಗೆ ಹೋಗಿ ಮತ ಕೇಳಬೇಕು. ಈ ವ್ಯತ್ಯಾಸ ತಲೆಯಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

1922ರಲ್ಲಿ ಟ್ರೂಮನ್ ಕೈಯಲ್ಲಿ ಕೆಲಸ ಇರಲಿಲ್ಲ. ಮೊದಲ ಮಹಾಯುದ್ಧದಿಂದ ಬಂದಮೇಲೆ ಗೆಳೆಯ ಎಡ್ಡಿ ಜೇಕಬ್ಸನ್ ಜೊತೆ ಕಾನ್ಸಾಸ್ ಸಿಟಿಯಲ್ಲಿ ಗಂಡಸರ ಉಡುಪಿನ ಅಂಗಡಿ ಇಟ್ಟಿದ್ದರು. ಅದು ಮುಳುಗಿ ಸಾಲ ಉಳಿಯಿತು. ಆಗ ಟಿಕೆಟ್ ಬಂದದ್ದು ಸೈನ್ಯದ ನಂಟಿನಿಂದ. ಫ್ರಾನ್ಸಿನಲ್ಲಿ ಟ್ರೂಮನ್ ಫಿರಂಗಿ ದಳವೊಂದರ ಕ್ಯಾಪ್ಟನ್. ಅದೇ ರೆಜಿಮೆಂಟಿನಲ್ಲಿ ಜಿಮ್ ಪೆಂಡರ್ಗಾಸ್ಟ್ ಎಂಬ ಯುವಕ ಇದ್ದ. ಅವನ ತಂದೆ ಮೈಕ್, ಚಿಕ್ಕಪ್ಪ ಟಾಮ್. ಕಾನ್ಸಾಸ್ ಸಿಟಿಯ ಡೆಮಾಕ್ರಟಿಕ್ ಪಕ್ಷ ಬಹುಪಾಲು ಈ ಮನೆಯವರ ಕೈಯಲ್ಲಿತ್ತು. ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲು ಕೊಡಿಸುವುದು, ಹುಡುಗರಿಗೆ ಕೆಲಸ ಹಚ್ಚುವುದು, ಚುನಾವಣೆ ದಿನ ಆ ಋಣವನ್ನು ವಸೂಲು ಮಾಡುವುದು. ಪುಸ್ತಕಗಳು 'ಪೊಲಿಟಿಕಲ್ ಮೆಷಿನ್' ಅನ್ನುವುದು ಇದಕ್ಕೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಜ್ಯಾಕ್ಸನ್ ಕೌಂಟಿಯಲ್ಲಿ ನಿಜವಾದ ಜಗಳ ಡೆಮಾಕ್ರಟರಿಗೂ ರಿಪಬ್ಲಿಕನ್ನರಿಗೂ ಮಾತ್ರ ಅಲ್ಲ. ಡೆಮಾಕ್ರಟರ ಒಳಗೇ ಎರಡು ಬಣ. ಪೆಂಡರ್ಗಾಸ್ಟ್ ಬಣಕ್ಕೆ 'ಆಡುಗಳು', ಜೋ ಶಾನನ್ ಬಣಕ್ಕೆ 'ಮೊಲಗಳು' ಅಂತ ಹೆಸರು. (ಮೊದಲ ಸಲ ಓದಿದಾಗ ಪಂಚತಂತ್ರ ಅನ್ನಿಸಿತು.) ಹಾಗಾಗಿ 1922ರಲ್ಲಿ ಪಕ್ಷದ ಒಳಗಿನ ಪ್ರೈಮರಿಯೇ (ಅಭ್ಯರ್ಥಿ ಯಾರು ಅಂತ ಆರಿಸುವ ಮತದಾನವೇ) ದೊಡ್ಡ ಪರೀಕ್ಷೆಯಾಯಿತು. ಪೂರ್ವ ಭಾಗದ ಜಡ್ಜ್ ಸ್ಥಾನಕ್ಕೆ ಹಲವರು ನಿಂತಿದ್ದರು. ಮುಖ್ಯ ಎದುರಾಳಿ ಎಮ್ಮೆಟ್ ಮಾಂಟ್‌ಗಮರಿ, ಮೊಲಗಳ ಬಣದ ಬ್ಯಾಂಕರ್. ಟ್ರೂಮನ್ ಗೆದ್ದದ್ದು 300ಕ್ಕೂ ಕಡಿಮೆ ಮತಗಳಿಂದ. ನವೆಂಬರಿನ ಚುನಾವಣೆ ಅದರ ಮುಂದೆ ಸುಲಭವಾಯಿತು.

ನನ್ನ ಪ್ರಕಾರ ಈ ಇಡೀ ಪಾಠದಲ್ಲಿ ಚೆನ್ನಾಗಿ ಓದಬೇಕಾದ ವರ್ಷ 1924. ಪಕ್ಷದ ಅಭ್ಯರ್ಥಿಯಾಗಿ ನಿಂತು ಟ್ರೂಮನ್ ಸೋತ ಚುನಾವಣೆ ಅದೊಂದೇ. ಎದುರಾಳಿ ರಿಪಬ್ಲಿಕನ್ ಪಕ್ಷದ ಹೆನ್ರಿ ರಮ್ಮೆಲ್, ಕುದುರೆಯ ಜೀನು, ಲಗಾಮು ಮಾಡುವ ಕಸುಬಿನವರು. ಅಂತರ 867 ಮತ. ರಮ್ಮೆಲ್ ಪರ ಏನಾದರೂ ಅಲೆ ಇತ್ತಾ ಅಂತ ಹುಡುಕಬೇಡಿ. ಕೌಂಟಿಯ ನೌಕರಿಗಳೆಲ್ಲ ಆಡುಗಳ ಪಾಲಾಗಿವೆ ಅಂತ ಮೊಲಗಳು ಎರಡು ವರ್ಷದಿಂದ ಹಲ್ಲು ಕಡಿಯುತ್ತಿದ್ದರು. ಈ ಸಲ ಸ್ವಂತ ಪಕ್ಷಕ್ಕೇ ಕೈಕೊಟ್ಟು ರಿಪಬ್ಲಿಕನ್ ಕಡೆ ವಾಲಿದರು. ಬಿಳಿಯರ ಜನಾಂಗದ್ವೇಷಿ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಕೂಡ ಟ್ರೂಮನ್ ವಿರುದ್ಧ ಕೆಲಸ ಮಾಡಿತು. ಆಡಳಿತ ಕೆಟ್ಟು ಸೋತದ್ದಲ್ಲ, ಕೆಲಸ ಹಂಚುವುದರಲ್ಲಿ ಸೋತದ್ದು. ಅದೇ ವರ್ಷ ಮಗಳು ಹುಟ್ಟಿದ್ದಳು. ಹೊಟ್ಟೆಪಾಡಿಗೆ ಅವರು ಆಟೊಮೊಬೈಲ್ ಕ್ಲಬ್ಬಿನ ಸದಸ್ಯತ್ವ ಮಾರುತ್ತಾ ತಿರುಗಿದರು.

1926ರ ಹೊತ್ತಿಗೆ ಆಡು ಮೊಲ ರಾಜಿಯಾದರು. ಟ್ರೂಮನ್ ಮುಖ್ಯ ಜಡ್ಜ್ ಸ್ಥಾನಕ್ಕೆ ನಿಂತು ಸುಮಾರು 16,000 ಮತಗಳ ಅಂತರದಿಂದ ಗೆದ್ದರು. 1930ರಲ್ಲಿ ಅಂತರ ಸುಮಾರು 58,000. ಈ ಎರಡು ಅಂಕಿಗಳ ಮಧ್ಯೆ ಏನು ನಡೆಯಿತು ಅಂದರೆ, ರಸ್ತೆ.

ಕೌಂಟಿಯ ರಸ್ತೆಗಳು ಮಳೆ ಬಂದರೆ ಕೆಸರು. ಕಂಟ್ರಾಕ್ಟು ಪಕ್ಷದವರಿಗೆ ಸಿಗುತ್ತಿತ್ತು, ರಸ್ತೆ ಬೇಗ ಕಿತ್ತುಹೋಗುತ್ತಿತ್ತು. (ಓದುತ್ತಾ ನಗು ಬಂದರೆ ತಪ್ಪೇನಿಲ್ಲ.) ಟ್ರೂಮನ್ ಇಬ್ಬರು ಇಂಜಿನಿಯರುಗಳಿಂದ ಸರ್ವೆ ಮಾಡಿಸಿದರು. ಅವರಲ್ಲಿ ಒಬ್ಬರು ರಿಪಬ್ಲಿಕನ್. 65 ಲಕ್ಷ ಡಾಲರ್ ಬಾಂಡ್ ಎತ್ತಬೇಕು ಅಂತ ಜನರ ಮುಂದೆ ಹೋದರು. ಸಾಲದ ಬಾಂಡಿಗೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. ಜನ ಒಪ್ಪುವುದಿಲ್ಲ ಎಂದು ಟಾಮ್ ಪೆಂಡರ್ಗಾಸ್ಟ್‌ಗೇ ಅನುಮಾನ. 1928ರ ಮೇ ತಿಂಗಳಲ್ಲಿ ಮತದಾನವಾಯಿತು, ಬಾಂಡ್ ಪಾಸಾಯಿತು. ಆದರೆ ಅದೇ ದಿನ ಹೊಸ ಕೋರ್ಟ್ ಕಟ್ಟಡದ ಬಾಂಡನ್ನು ಜನ ತಿರಸ್ಕರಿಸಿದರು. ಇದನ್ನು ಗುರುತು ಹಾಕಿಕೊಳ್ಳಿ. ಮತದಾರರು ಕಣ್ಣು ಮುಚ್ಚಿ ಒತ್ತಿದ್ದಲ್ಲ, ಆರಿಸಿ ಒತ್ತಿದ್ದು. ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಿದ್ದು 1931ರಲ್ಲಿ.

ಕಂಟ್ರಾಕ್ಟು ಕಡಿಮೆ ದರ ಕೂಗಿದವರಿಗೆ, ಅವರು ಹೊರ ರಾಜ್ಯದವರಾದರೂ ಸರಿ ಅಂದರು ಟ್ರೂಮನ್. ಪೆಂಡರ್ಗಾಸ್ಟ್ ಸ್ನೇಹಿತ ಕಂಟ್ರಾಕ್ಟರುಗಳು ಟಾಮ್ ಬಳಿಗೆ ದೂರು ಒಯ್ದರಂತೆ. ಟ್ರೂಮನ್ ಮುಂದೆ ಹೇಳಿಕೊಂಡ ಪ್ರಕಾರ, ಈ ಮನುಷ್ಯ ಹಟಮಾರಿ ಅಂತ ನಾನು ಮೊದಲೇ ಹೇಳಿರಲಿಲ್ಲವಾ ಎನ್ನುವ ಅರ್ಥದ ಮಾತಾಡಿ ಟಾಮ್ ಆ ಕಂಟ್ರಾಕ್ಟರುಗಳನ್ನು ಕಳಿಸಿಬಿಟ್ಟರು. 224 ಮೈಲಿ ಕಾಂಕ್ರೀಟ್ ರಸ್ತೆಯಾಯಿತು. ಫ್ರಾನ್ಸಿನಲ್ಲಿ ನೋಡಿದ ಹಾಗೆ ರಸ್ತೆ ಬದಿ ಸಾಲುಮರದ ಸಸಿಗಳನ್ನೂ ನೆಡಿಸಿದರು. ರೈತರು ಹುಲ್ಲಿನ ಜೊತೆ ಅವನ್ನೂ ಕೊಯ್ದು ಹಾಕಿದರು.

ಹಾಗಾದರೆ ಟ್ರೂಮನ್ ಶುದ್ಧಹಸ್ತರಾ? ಉತ್ತರ ಪತ್ರಿಕೆಯಲ್ಲಿ ಸುಮ್ನೆ 'ಹೌದು' ಅಂತ ಬರೆಯಬೇಡಿ. ಪಿಕ್‌ವಿಕ್ ಹೋಟೆಲಿನ ಕಾಗದಗಳ ಮೇಲೆ ಅವರು ತಮಗಾಗಿ ಬರೆದುಕೊಂಡ ಟಿಪ್ಪಣಿಗಳು ಉಳಿದಿವೆ. ದೊಡ್ಡ ಮೊತ್ತದ ಬಾಂಡ್ ಹಣ ಉಳಿಸಲು ಸುಮಾರು 10,000 ಡಾಲರಿನಷ್ಟು ಲೂಟಿಗೆ ಕಣ್ಣು ಮುಚ್ಚಿಕೊಳ್ಳಬೇಕಾಯಿತು, ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಅವರೇ ಕೇಳಿಕೊಂಡಿದ್ದಾರೆ. ತಾವು ಜೇಬಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಂಡವರನ್ನು ಪೂರ್ತಿ ತಡೆಯಲೂ ಇಲ್ಲ. ಎರಡೂ ವಾಕ್ಯ ಬರೆಯಿರಿ.

1934ರಲ್ಲಿ ಮುಖ್ಯ ಜಡ್ಜ್ ಆಗಿ ಎರಡು ಅವಧಿ ಮುಗಿಯುತ್ತಾ ಬಂತು. ಟ್ರೂಮನ್ ಕೇಳಿದ್ದು ಅಮೆರಿಕ ಸಂಸತ್ತಿನ ಕೆಳಮನೆಯ ಟಿಕೆಟ್. ಅದು ಬೇರೆಯವರಿಗೆ ಹೋಯಿತು. ಮೇಲ್ಮನೆಯಾದ ಸೆನೆಟ್‌ನ ಟಿಕೆಟ್ ಇವರ ಬಳಿಗೆ ಬಂದದ್ದು ಬೇರೆಯವರು ಬೇಡ ಅಂದಮೇಲೆ. ಪ್ರೈಮರಿಯಲ್ಲಿ ಜ್ಯಾಕ್ಸನ್ ಕೌಂಟಿಯೊಂದೇ 1 ಲಕ್ಷ 37 ಸಾವಿರ ಮತ ಕೊಟ್ಟಿತು. ರಾಜ್ಯದ ಇನ್ನೊಂದು ತುದಿಯ ಸೇಂಟ್ ಲೂಯಿಸ್‌ನಲ್ಲಿ ಸಿಕ್ಕಿದ್ದು ನಾಲ್ಕು ಸಾವಿರವೂ ಇಲ್ಲ, ಯಾಕೆಂದರೆ ಅಲ್ಲಿ ಇನ್ನೊಬ್ಬರ ಮೆಷಿನ್ ಇತ್ತು. ಎರಡು ಊರಿನ ಅಂಕಿಗಳೂ ಅನುಮಾನ ಹುಟ್ಟಿಸುತ್ತವೆ, ಅಲ್ವಾ? ವಾಷಿಂಗ್ಟನ್ನಿನಲ್ಲಿ ಕೆಲವರು ಅವರನ್ನು 'ಪೆಂಡರ್ಗಾಸ್ಟ್ ಸೆನೆಟರ್' ಎಂದು ಹಂಗಿಸಿದರು.

1939ರಲ್ಲಿ ಟಾಮ್ ಪೆಂಡರ್ಗಾಸ್ಟ್ ಆದಾಯ ತೆರಿಗೆ ವಂಚನೆಗೆ ಜೈಲಿಗೆ ಹೋದರು. ಮೆಷಿನ್ ನಿಂತಿತು. 1940ರ ಸೆನೆಟ್ ಪ್ರೈಮರಿಯಲ್ಲಿ ಟ್ರೂಮನ್ ಎದುರು ನಿಂತವರಲ್ಲಿ ಒಬ್ಬರು ಮಿಸೌರಿಯ ಚುನಾಯಿತ ಗವರ್ನರ್ ಲಾಯ್ಡ್ ಸ್ಟಾರ್ಕ್, ಇನ್ನೊಬ್ಬರು ಟಾಮ್‌ರನ್ನು ಜೈಲಿಗೆ ಕಳಿಸಿದ ಸರ್ಕಾರಿ ವಕೀಲ ಮಾರಿಸ್ ಮಿಲಿಗನ್. ವಿರೋಧಿ ಮತಗಳು ಅವರಿಬ್ಬರ ನಡುವೆ ಒಡೆದುಹೋದವು. ಟ್ರೂಮನ್ ಸುಮಾರು 8,000 ಮತಗಳಿಂದ ದಾಟಿಕೊಂಡರು.